ಮೇಷ್ಟ್ರು ಕೋಸು ಕುದಿಸಿದ ದಿನ

ಇಷ್ಟಕ್ಕೆಲ್ಲ ಕಾರಣ ಒಂದು ನೇರಳೆ ಬಣ್ಣದ ಎಲೆಕೋಸು. ಅದು ತನ್ನ ಪಾಡಿಗೆ ತಾನು ತರಕಾರಿ ಬುಟ್ಟಿಯಲ್ಲಿ ಕೂತಿತ್ತು. ಕೆಮಿಸ್ಟ್ರಿ ಮೇಷ್ಟ್ರ ಕಣ್ಣು ಬೀಳದೇ ಹೋಗಿದ್ದರೆ ಮಧ್ಯಾಹ್ನದ ಊಟಕ್ಕೆ ಬೆಂದು ಸದ್ಗತಿ ಪಡೆಯುತ್ತಿತ್ತು, ಪಾಪ.

ಮೇಷ್ಟ್ರಿಗೆ ಇದ್ದದ್ದು ಒಂದೇ ಆಸೆ. ಶಾಲೆಯ ಮೂಲೆಯಲ್ಲಿ ಮುರಿದ ಬೆಂಚು ತುಂಬಿಕೊಂಡು, ಬೀಗ ಜಡಿಸಿಕೊಂಡು ಬಿದ್ದಿದ್ದ ಒಂದು ಕೋಣೆ ತಮ್ಮ ಲ್ಯಾಬ್ ಆಗಬೇಕು. ಕೇಳಿ ಕೇಳಿ ಅವರ ಬಾಯಿ ಸವೆದಿತ್ತು. "ಲ್ಯಾಬಿಲ್ಲದೆ ಕೆಮಿಸ್ಟ್ರಿ ಕಲಿಸೋದು ಅಂದ್ರೆ ನೀರಿಲ್ಲದೆ ಈಜು ಕಲಿಸಿದ ಹಾಗೆ ಮೇಡಂ" ಎಂದು ಹೆಡ್‌ಮಿಸ್ಟ್ರೆಸ್ ಕಂಡಾಗಲೆಲ್ಲ ಒಪ್ಪಿಸುತ್ತಿದ್ದರು. ಹಾಗೆ ಒಪ್ಪಿಸುತ್ತ, ಒಂದು ಪ್ರಯೋಗವನ್ನೂ ಮಾಡದೆ, ಬೋರ್ಡಿನ ತುಂಬ ಸೂತ್ರ ಗೀಚುತ್ತ, ಮಕ್ಕಳಿಂದ 'ಸೀಮೆಸುಣ್ಣ' ಎಂಬ ಬಿರುದನ್ನೂ ಸಂಪಾದಿಸಿದ್ದರು.

ಈಗ ಅದೇ ಕೋಣೆಯ ಮೇಲೆ ನಾಟಕದ ಮೇಷ್ಟ್ರ ಕಣ್ಣು ಬಿದ್ದಿತ್ತು. ಅವರ ಗಡ್ಡ, ಮೀಸೆ, ಕಿರೀಟಗಳಿಗೆ ಇರಲು ಜಾಗವಿಲ್ಲವಂತೆ. ಇಬ್ಬರ ಗೋಳು ಕೇಳಿ ಸಾಕಾದ ಹೆಡ್‌ಮಿಸ್ಟ್ರೆಸ್ ನಿನ್ನೆ ಹೇಳಿಬಿಟ್ಟಿದ್ದರು: "ನಾಳೆ ನಿಮ್ಮ ಕ್ಲಾಸಿಗೆ ಬಂದು ಕೂತ್ಕೋತೀನಿ. ಏನಾದ್ರೂ ಒಂದು ಪ್ರಯೋಗ ಮಾಡಿ ತೋರಿಸಿ. ಮಕ್ಕಳು ಆಕಳಿಸಿದ್ರೆ ಕೋಣೆ ನಾಟಕದವರಿಗೆ. ಆಕಳಿಸದೇ ಇದ್ರೆ ಯೋಚನೆ ಮಾಡೋಣ."

ಅದಕ್ಕೇ ಈ ಬೆಳಗ್ಗೆ ಮೇಷ್ಟ್ರು ಹೆಂಡತಿಯ ಅಡುಗೆಮನೆಗೆ ನುಗ್ಗಿ, ಕೋಸು ಹೆಚ್ಚಿ, ದೊಡ್ಡ ಪಾತ್ರೆಯಲ್ಲಿ ಕುದಿಸಲು ಇಟ್ಟಿದ್ದರು. ನೀರು ನೇರಳೆಯಾಯಿತು. ಪಾತ್ರೆ ನೇರಳೆಯಾಯಿತು. ಒಲೆಯ ಕಟ್ಟೆ, ಗೋಡೆ, ಮೇಷ್ಟ್ರ ಅಂಗಿಯ ತೋಳು, ಯಾವುದಕ್ಕೂ ಮೋಸವಾಗಲಿಲ್ಲ.

"ರೀ, ಇದೇನ್ರೀ ಅವತಾರ! ಬೆಳಗ್ಗೆ ಬೆಳಗ್ಗೆ ಏನು ಕಷಾಯ ಇದು?"

"ಕಷಾಯ ಅಲ್ಲ ಕಣೇ, ಸೂಚಕ! ಹುಳಿ ಹಾಕಿದ್ರೆ ಗುಲಾಬಿ, ಸೋಡಾ ಹಾಕಿದ್ರೆ ಹಸಿರು. ನೋಡ್ತಿರು, ಇವತ್ತು ಲ್ಯಾಬ್ ಗೆದ್ದುಕೊಂಡು ಬರ್ತೀನಿ."

"ಲ್ಯಾಬ್ ಗೆಲ್ಲೋದು ಆಮೇಲಾಯ್ತು, ಮೊದಲು ನನ್ನ ಪಾತ್ರೆ ಬೆಳ್ಳಗೆ ಮಾಡಿಕೊಡಿ."

ಬೆಂದ ಕೋಸಿನ ವಾಸನೆ ಸಾಮಾನ್ಯದ್ದಲ್ಲ. ಅದು ಮೆಟ್ಟಿಲು ಹತ್ತಿ ಮಹಡಿಗೆ ಹೋಯಿತು. ಅಲ್ಲಿದ್ದವರು ನಿವೃತ್ತ ಪೊಲೀಸಪ್ಪ. ಕೆಲಸ ಬಿಟ್ಟರೂ ಮೂಗು ಇನ್ನೂ ಡ್ಯೂಟಿಯಲ್ಲೇ ಇತ್ತು. "ಗ್ಯಾಸ್! ಗ್ಯಾಸ್ ಲೀಕು! ಯಾರೂ ಅಲ್ಲಾಡಬೇಡಿ!" ಎಂದು ಕೂಗುತ್ತ ಇಳಿದು ಬಂದವರೇ, ಹೊರಗಿನ ಗೋಡೆಯಲ್ಲಿ ಕಂಡ ಮೊದಲ ವಾಲ್ವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ಮುಚ್ಚಿಬಿಟ್ಟರು.

ಆ ಗದ್ದಲಕ್ಕೆ ಎದುರುಮನೆ ದೊಡ್ಡಮ್ಮನೂ ಬಂದರು. ಕೊಳೆ ಕಂಡರೆ ದೊಡ್ಡಮ್ಮನ ಕೈ ತಡೆಯುವುದಿಲ್ಲ. ಯಾರ ಮನೆಗೆ ಹೋದರೂ ಮೊದಲು ಬಟ್ಟೆ ತೆಗೆದುಕೊಂಡು ಮೇಜು ಒರೆಸಿ ಆಮೇಲೆ ಕ್ಷೇಮಸಮಾಚಾರ. ಪ್ರಯೋಗಕ್ಕೆಂದು ಮೇಷ್ಟ್ರು ಸಾಲಾಗಿ ಇಟ್ಟಿದ್ದ ಗಾಜಿನ ಲೋಟಗಳನ್ನು ಕಂಡು ಅವರು ಹಣೆ ಚಚ್ಚಿಕೊಂಡರು.

"ಹೆಡ್ ಮೇಡಂ ಬರ್ತಾರೆ ಅಂತೀಯ, ಈ ಲೋಟದಲ್ಲಾ ಮಾಡೋದು? ಮುಖ ಕಾಣ್ಬೇಕಪ್ಪ ಲೋಟದಲ್ಲಿ, ಮುಖ! ಕೊಡಿಲ್ಲಿ."

"ಬೇಡ ದೊಡ್ಡಮ್ಮ, ಹೊತ್ತಾಯ್ತು..."

ಮೇಷ್ಟ್ರ ಮಾತು ಯಾರಿಗೆ ಬೇಕು? ದೊಡ್ಡಮ್ಮ ಬಟ್ಟೆ ಒಗೆಯುವ ಪುಡಿಯನ್ನೇ ಕೈತುಂಬ ಸುರಿದುಕೊಂಡು ಲೋಟಗಳನ್ನು ಗಸಗಸ ಉಜ್ಜಿದರು. ಜಾಲಿಸಲು ನಲ್ಲಿ ತಿರುಗಿಸಿದರೆ, ನಲ್ಲಿ ಒಂದು ಸಲ ಗೊರಕೆ ಹೊಡೆದು ಸುಮ್ಮನಾಯಿತು. "ಹಾಳಾದ ನೀರು ಈಗಲೇ ಹೋಗ್ಬೇಕಾ" ಎಂದು ಗೊಣಗಿ, ನೊರೆಯ ಲೋಟಗಳನ್ನು ಬಟ್ಟೆಯಲ್ಲೇ ತಿಕ್ಕಿ ತಿಕ್ಕಿ ಹೊಳಪು ಬರಿಸಿದರು. ಲೋಟಗಳಲ್ಲಿ ನಿಜಕ್ಕೂ ಮುಖ ಕಾಣುತ್ತಿತ್ತು. ಪೊಲೀಸಪ್ಪ ಅವನ್ನು ಹಳೇ ಪೇಪರಿನಲ್ಲಿ ಸುತ್ತಿಕೊಟ್ಟು, "ಗ್ಯಾಸ್ ಬಂದ್ ಮಾಡಿದೀನಿ, ನೀವು ಧೈರ್ಯವಾಗಿ ಹೋಗಿ ಬನ್ನಿ" ಎಂದು ಬೆನ್ನು ತಟ್ಟಿದರು. ಒಲೆ ಮಾತ್ರ ಒಳಗೆ ಹಾಯಾಗಿ ಉರಿಯುತ್ತಲೇ ಇತ್ತು. ಗಡಿಬಿಡಿಯಲ್ಲಿ ಅದನ್ನು ಯಾರು ನೋಡುತ್ತಾರೆ?

ತರಗತಿಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಲೇ ಕೊನೇ ಬೆಂಚಿನಲ್ಲಿ ಕೂತಿದ್ದರು. ಅವರ ಪಕ್ಕದಲ್ಲಿ, ಇಡೀ ಶಾಲೆ 'ಆಕಳಿಕೆ' ಎಂದೇ ಕರೆಯುವ ಹುಡುಗಿ ಗಲ್ಲಕ್ಕೆ ಕೈ ಕೊಟ್ಟು ಕೂತಿದ್ದಳು. ಬಾಗಿಲಲ್ಲಿ ನಾಟಕದ ಮೇಷ್ಟ್ರು ಅಳತೆ ಟೇಪು ಹಿಡಿದು ನಿಂತಿದ್ದರು. "ಕೋಣೆ ಅಳೆಯೋಕೆ ಹೊರಟಿದ್ದೆ, ಹಾಗೇ ನಿಮ್ಮ ಆಟಾನೂ ನೋಡಿಕೊಂಡು ಹೋಗೋಣ ಅಂತ" ಎಂದರು. ಸೀಮೆಸುಣ್ಣದ ಮೇಷ್ಟ್ರು ಆ ಕಡೆ ನೋಡದೆ ಪೇಪರು ಬಿಚ್ಚತೊಡಗಿದರು.

ಅವರು ಮೂರು ಲೋಟ ಇಟ್ಟರು. ಒಂದರಲ್ಲಿ ಬರೀ ನೀರು. ಇನ್ನೊಂದರಲ್ಲಿ ನೀರಿಗೆ ನಾಲ್ಕು ಹನಿ ನಿಂಬೆರಸ. ಮತ್ತೊಂದರಲ್ಲಿ ಅಡುಗೆ ಸೋಡಾ ಕರಗಿಸಿದ ನೀರು. ಆಮೇಲೆ ಬಾಟಲಿಯಲ್ಲಿ ತಂದಿದ್ದ ಕೋಸಿನ ನೇರಳೆ ನೀರನ್ನು ಕೈಗೆತ್ತಿಕೊಂಡರು.

"ಮಕ್ಕಳೇ, ಮೊದಲ ಲೋಟದಲ್ಲಿ ಹುಳಿನೂ ಇಲ್ಲ, ಸೋಡಾನೂ ಇಲ್ಲ. ಹಾಗಾಗಿ ನೇರಳೆ ಬಣ್ಣ ಇದ್ದ ಹಾಗೇ ಇರುತ್ತೆ. ನೋಡಿ!"

ಸುರಿದರು. ನೀರು ಗಿಳಿಹಸಿರಾಯಿತು.

ತರಗತಿ ಗೊಳ್ಳೆಂದಿತು. ಮೇಷ್ಟ್ರು ಬೆವರೊರೆಸಿಕೊಂಡು, "ಎರಡನೇದು ಗುಲಾಬಿ ಆಗೇ ಆಗುತ್ತೆ" ಎಂದು ಸುರಿದರು. ಅದು ನೀಲಿಯಾಯಿತು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡೇ ಸುರಿದರು. ಅದು ಹಸಿರನ್ನೂ ದಾಟಿ ಹಳದಿಯ ಕಡೆಗೆ ಹೊರಟಿತ್ತು. ನಾಟಕದ ಮೇಷ್ಟ್ರು ಟೇಪನ್ನು ಸರ್ರನೆ ಎಳೆದು ನೋಡಿಕೊಂಡರು.

ಬೇರೆ ದಿನವಾಗಿದ್ದರೆ ಮೇಷ್ಟ್ರು "ಸುಮ್ನೆ ಕೂತ್ಕೊಳ್ಳಿ" ಎಂದು ಬೋರ್ಡಿಗೆ ತಿರುಗುತ್ತಿದ್ದರು. ಇವತ್ತು ಅದೂ ಮರೆತುಹೋಯಿತು. ಲೋಟವನ್ನು ಬೆಳಕಿಗೆ ಹಿಡಿದು, ತಮಗೆ ತಾವೇ ಎಂಬಂತೆ, "ಯಾಕೆ?" ಎಂದರು. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಅವರು ತರಗತಿಯಲ್ಲಿ ಕೇಳಿದ್ದು ಅದೇ ಮೊದಲು.

"ಸರ್," ಎಂದಳು ಆಕಳಿಕೆ, ಎದ್ದು ನಿಂತು. "ಬರೀ ನೀರಿನ ಲೋಟದಲ್ಲಿ ನೊರೆ ಯಾಕಿದೆ?"

ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು. ವಿಚಾರಣೆ ಶುರುವಾಯಿತು.

"ಲೋಟ ಯಾರು ಸರ್ ತೊಳೆದಿದ್ದು?"

"ಎದುರುಮನೆ ದೊಡ್ಡಮ್ಮ."

"ಯಾವ ಸೋಪಲ್ಲಿ?"

"ಬಟ್ಟೆ ಪುಡಿ."

"ಆಮೇಲೆ ಜಾಲಿಸಿದ್ರಾ?"

"ನೀರು ನಿಂತುಹೋಗಿತ್ತು... ಅಯ್ಯಯ್ಯೋ, ಪೊಲೀಸಪ್ಪ!" ಮೇಷ್ಟ್ರು ತಲೆ ಮೇಲೆ ಕೈ ಇಟ್ಟುಕೊಂಡರು. ಗ್ಯಾಸಿನದ್ದೆಂದು ಪೊಲೀಸಪ್ಪ ಮುಚ್ಚಿದ್ದು ನೀರಿನ ವಾಲ್ವು ಎಂಬುದು ಆಗ ಹೊಳೆಯಿತು.

"ಹಾಗಾದ್ರೆ ತಪ್ಪು ಕೋಸಿಂದಲ್ಲ ಸರ್, ಸೋಪಿಂದು. ಸೋಪೂ ಸೋಡಾ ಕಡೆಯವನೇ!" ಎಂದಳು ಆಕಳಿಕೆ. ಓಡಿಹೋಗಿ ಕೈ ತೊಳೆಯುವ ಜಾಗದಿಂದ ಸೋಪಿನ ಚೂರು ತಂದು ನೇರಳೆ ನೀರಿಗೆ ಹಾಕಿ ಕಲಕಿದಳು. ನೀರು ಹಸಿರಾಯಿತು. ಮಕ್ಕಳು ಕುಣಿದಾಡಿದರು. ಮೂರು ಲೋಟವನ್ನೂ ಚೆನ್ನಾಗಿ ಜಾಲಿಸಿ ಮತ್ತೆ ಸುರಿದರೆ, ನೀರಿನದು ನೇರಳೆ, ನಿಂಬೆಯದು ಗುಲಾಬಿ, ಸೋಡಾದ್ದು ನೀಲಿಹಸಿರು. ಆಹಾ!

ಆಮೇಲೆ ಹಿಡಿಯುವವರು ಯಾರು? ಒಬ್ಬ ಜೇಬಿನ ಹುಳಿ ಪೆಪ್ಪರ್‌ಮೆಂಟು ಹಾಕಿದ. ಇನ್ನೊಬ್ಬಳು ಊಟದ ಡಬ್ಬಿಯ ಟೊಮೇಟೊ ಹಿಂಡಿದಳು. ತಡೆಯಲಾರದೆ ನಾಟಕದ ಮೇಷ್ಟ್ರೂ ಚೀಲದಿಂದ ಮುಖದ ಪೌಡರು ತೆಗೆದು, "ಇದಕ್ಕೇನು ಬಣ್ಣ ಬರುತ್ತೆ ನೋಡ್ರೋ" ಎಂದರು. ನೀರು ನೇರಳೆಯಾಗಿಯೇ ಉಳಿಯಿತು. ಅವರಿಗೆ ತುಂಬ ಬೇಜಾರಾಯಿತು. ಬೆಲ್ ಹೊಡೆದರೂ ಯಾರೂ ಜಾಗ ಬಿಟ್ಟು ಕದಲಲಿಲ್ಲ. ನಗುತ್ತ ನಗುತ್ತ ಮೇಷ್ಟ್ರ ಕಣ್ಣು ಒದ್ದೆಯಾಗಿತ್ತು. ಇಷ್ಟು ವರ್ಷ ತಾವು ಬೋರ್ಡಿಗೆ ಪಾಠ ಹೇಳಿದ್ದು, ಮಕ್ಕಳಿಗಲ್ಲ ಎಂದು ಅವರಿಗನಿಸಿತು.

ಹೆಡ್‌ಮಿಸ್ಟ್ರೆಸ್ ಚಪ್ಪಾಳೆ ತಟ್ಟಿದರು. "ಏನ್ ತಲೆ ಮೇಷ್ಟ್ರೇ ನಿಮ್ಮದು! ಬೇಕೂಂತಲೇ ತಪ್ಪು ಮಾಡಿ, ಮಕ್ಕಳ ಕೈಲೇ ಹುಡುಕಿಸಿದ್ರಲ್ಲ! ಈ ಹುಡುಗಿ ಒಂದೇ ಒಂದು ಸಲ ಆಕಳಿಸಲಿಲ್ಲ!"

ಮೇಷ್ಟ್ರು ಬೇಕೆಂದೇ ಮಾಡಿದವರಂತೆ ನಕ್ಕರು. ಹೆಡ್‌ಮಿಸ್ಟ್ರೆಸ್ ಕೈಚೀಲದಿಂದ ಕೋಣೆಯ ಬೀಗದಕೈ ತೆಗೆದರು. ಮೇಷ್ಟ್ರು ಕೈ ಚಾಚಿದರು. ಬೀಗದಕೈ ಅವರ ಕೈಯನ್ನು ದಾಟಿಕೊಂಡು ಹೋಗಿ ನಾಟಕದ ಮೇಷ್ಟ್ರ ಅಂಗೈಯಲ್ಲಿ ಕೂತಿತು.

"ಮೇಡಂ! ಲ್ಯಾಬು?"

"ಲ್ಯಾಬು ಯಾತಕ್ರೀ ನಿಮಗೆ? ಒಂದು ಕೋಸು, ಮೂರು ಲೋಟ! ನೀರಿಲ್ಲದೇ ಈಜಿ ತೋರಿಸಿದ್ರಲ್ಲ! ಇನ್ನು ಮೇಲೆ ಪ್ರತಿ ಶನಿವಾರ ಮಕ್ಕಳನ್ನ ನಿಮ್ಮ ಅಡುಗೆಮನೆಗೇ ಕಳಿಸ್ತೀನಿ. ಈಗಲೇ ನಿಮ್ಮ ಮನೆಯವರಿಗೆ ಫೋನ್ ಮಾಡಿ ಹೇಳ್ತೀನಿ, ಅವರಿಗೂ ಸಂತೋಷ ಆಗ್ಲಿ."

ಸಂಜೆ ಮೇಷ್ಟ್ರು ಖಾಲಿ ಲೋಟಗಳನ್ನು ಹೊತ್ತು ಮನೆಗೆ ಬಂದರು. ಕೋಣೆ ಹೋದರೆ ಹೋಗಲಿ, ಶನಿವಾರಕ್ಕೆ ಯಾವ ತರಕಾರಿ ಕುದಿಸುವುದೆಂದು ದಾರಿಯುದ್ದಕ್ಕೂ ಯೋಚಿಸಿ ಮತ್ತೆ ಹುರುಪಾಗಿದ್ದರು. ಒಳಗೆ ಬಂದು ನೋಡುತ್ತಾರೆ, ಅಡುಗೆಮನೆಯ ಬಾಗಿಲಿಗೆ ಅಂಗೈಯಗಲದ ಬೀಗ! ಹೆಂಡತಿ ನೇರಳೆ ಪಾತ್ರೆ ಹಿಡಿದು ಬಾಗಿಲಿಗೆ ಅಡ್ಡ ನಿಂತಿದ್ದಳು.

ಪಕ್ಕದಲ್ಲಿದ್ದ ಪೊಲೀಸಪ್ಪ ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಸಮಾಧಾನದಿಂದ ಹೇಳಿದರು:

"ಬೆಳಗ್ಗೆ ಏನೋ ಒಂದು ತಪ್ಪಾಗಿ ಮುಚ್ಚಿದ್ದೆನಂತೆ ಮೇಷ್ಟ್ರೇ. ಯೋಚನೆ ಮಾಡಬೇಡಿ, ಈ ಸಲ ಸರಿಯಾದ್ದನ್ನೇ ಮುಚ್ಚಿದೀನಿ."