ನಿಂಬೆಹಣ್ಣು ದಾಟದ ಗಾಡಿ

ನಾನು ಹೆದರುವ ಹೆಂಗಸು. ಗ್ಯಾಸ್ ಆಫ್ ಮಾಡಿದೆನಾ ಎಂದು ಬಸ್‌ಸ್ಟಾಪಿನಿಂದ ವಾಪಸ್ ಹೋಗಿ ನೋಡುವವಳು. ಇಂಥ ಪ್ರಸಂಗಗಳು ನಮ್ಮಂಥವರ ಮನೆಯನ್ನೇ ಹುಡುಕಿಕೊಂಡು ಬರುತ್ತವೆ. ಧೈರ್ಯವಂತರ ಮನೆ ಮುಂದೆ ಅವು ನಿಲ್ಲುವುದೂ ಇಲ್ಲ.

ವಿಜಯನಗರದಲ್ಲಿ ನಾನೂ ನನ್ನ ಗಂಡನೂ ಸಣ್ಣಪುಟ್ಟ ಸಮಾರಂಭಗಳಿಗೆ ಅಡುಗೆ ಮಾಡಿಕೊಡುತ್ತೇವೆ. ಪಾತ್ರೆ ಸಾಗಿಸಲೆಂದು ಅವರು ಒಂದು ಸೆಕೆಂಡ್‌ಹ್ಯಾಂಡ್ ಡೀಸೆಲ್ ಪಿಕಪ್ ತಂದರು. ಆಟೋಮ್ಯಾಟಿಕ್ ಗೇರು. ಅವರಿಗೆ ಮಂಡಿನೋವು, ಹಾಗಾಗಿ ಓಡಿಸುವವಳು ನಾನು. ನನಗೆ ಓಡಿಸಲು ಬರುವುದೂ ಅದೊಂದೇ ಗಾಡಿ.

ಹೀಗಿರುವಾಗ ಮಗಳ ಅತ್ತೆ ಮಾವ ಉಲ್ಲಾಳದಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಅಡುಗೆ ನಮ್ಮದೇ ಎಂದು ನನ್ನ ಗಂಡ ನನ್ನನ್ನು ಕೇಳದೆ ಒಪ್ಪಿಕೊಂಡು ಬಂದರು. ನಮ್ಮ ಬೀಗಿತ್ತಿಯೋ, ಮಗಳ ಮದುವೆಯಲ್ಲಿ ನನ್ನ ಹೋಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದವರು. ಅವರೆದುರು ಒಂದು ಸಾಸಿವೆ ಕಾಳೂ ಹೆಚ್ಚುಕಮ್ಮಿ ಆಗಬಾರದೆಂದು ನನಗೆ ನಿದ್ದೆಯೇ ಇರಲಿಲ್ಲ.

೧. ಗೇಟಿನ ಮುಂದೆ ಕೆಂಪು

ಗೃಹಪ್ರವೇಶಕ್ಕೆ ಮೂರು ದಿನ ಇತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಪಕ್ಕದ ಮನೆಯಾಕೆ ನಮ್ಮ ಗೇಟಿನ ಹತ್ತಿರ ಸೆರಗನ್ನು ಬಾಯಿಗೆ ಹಿಡಿದು ನಿಂತಿದ್ದರು.

"ಒಳಗೇ ಇರಿ, ದಾಟ್ಬೇಡಿ. ನಿಮ್ಗೆ ಯಾರೋ ಮಾಟ ಮಾಡ್ಸಿದಾರೆ."

ನೋಡಿದರೆ ಗೇಟಿಗೂ ಹೊರಗೆ ನಿಲ್ಲಿಸಿದ್ದ ನಮ್ಮ ಗಾಡಿಗೂ ನಡುವೆ ನೆಲದ ಮೇಲೆ ಆರತಿ ನೀರು ಚೆಲ್ಲಿದ ಹಾಗೆ ಕೆಂಪಗೆ ಮಡುಗಟ್ಟಿತ್ತು. ಹೊಸ್ತಿಲಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಆಕೆ ತಮ್ಮ ಮನೆಗೆ ಓಡಿ ಉಪ್ಪು, ಮೆಣಸಿನಕಾಯಿ ತಂದು ಗೇಟಿಗೇ ನಿವಾಳಿಸತೊಡಗಿದರು. ಅಷ್ಟರಲ್ಲಿ ನನ್ನ ಗಂಡ ಬಂದು, ಬೆರಳಲ್ಲಿ ಮುಟ್ಟಿ, ಮೂಸಿ, "ಗೇರ್‌ಬಾಕ್ಸ್ ಆಯಿಲ್ ಕಣೇ, ಗಾಡಿ ಸೋರ್ತಾ ಇದೆ" ಎಂದರು.

ಪಕ್ಕದ ಮನೆಯಾಕೆ ನಿವಾಳಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಅಯ್ಯೋ ಪಾಪ. ಮಾಟನೇ ವಾಸಿ ಇತ್ತು. ಅದಾದ್ರೆ ಒಂದು ನಿಂಬೆಹಣ್ಣಲ್ಲಿ ಹೋಗ್ತಿತ್ತು."

೨. ದೇವರು ಹಿಡಿದ ಪೈಪು

ನಾಗರಭಾವಿ ಕಡೆ ಒಬ್ಬ ಮೆಕ್ಯಾನಿಕ್ ಸಿಕ್ಕ. ಗಾಡಿಯನ್ನು ಮೇಲೆತ್ತಿ, ಕೆಳಗೆ ನಿಂತು ನಮಗೆ ವಿವರಿಸಿದ. ಗೇರ್‌ಬಾಕ್ಸಿನ ಆಯಿಲ್ ಕಾದುಬಿಡುತ್ತದೆ. ಅದನ್ನು ಮುಂದುಗಡೆ ಗಾಳಿಗೆ ಒಯ್ದು ತಣಿಸಿ ವಾಪಸ್ ತರಲು ಎರಡು ಪೈಪುಗಳಿವೆ. ಸೋರುತ್ತಿರುವುದು ಅವೇ.

"ಹೀಗೇ ಓಡ್ಸಿದ್ರೆ?" ಎಂದೆ.

"ಗೇರ್‌ಬಾಕ್ಸ್ ಸುಟ್ಟೋಗುತ್ತೆ ಆಂಟಿ. ಆಮೇಲೆ ಇದು ಗಾಡಿ ಅಲ್ಲ, ಕಬ್ಬಿಣ."

ನನ್ನ ಗಂಡ ಧೈರ್ಯ ಹೇಳುವವರಂತೆ, "ಹಳೇ ಓನರ್ ತುಂಬಾ ಚೆನ್ನಾಗಿ ಇಟ್ಕೊಂಡಿದ್ರಂತೆ" ಎಂದರು.

ಮೆಕ್ಯಾನಿಕ್ ಟಾರ್ಚ್ ಬಿಟ್ಟು ತೋರಿಸಿದ. ಪೈಪಿಗೆ ಮೊದಲು ಸೈಕಲ್ ಟ್ಯೂಬು ಸುತ್ತಿತ್ತು, ಅದರ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಅಂಟು. ಎಲ್ಲದರ ಮೇಲೆ ದೇವಸ್ಥಾನದಲ್ಲಿ ಕೈಗೆ ಕಟ್ಟುವ ಕೆಂಪು ದಾರವನ್ನು ಬಿಗಿಯಾಗಿ ಗಂಟು ಹಾಕಿದ್ದರು.

"ಹೌದು ಸಾರ್, ಒಳ್ಳೆ ಮನುಷ್ಯ. ಕೈಯಲ್ಲಾಗೋದೆಲ್ಲಾ ಮಾಡಿ, ಕೊನೆಗೆ ದೇವ್ರಿಗೆ ಬಿಟ್ಟಿದಾನೆ."

ನನ್ನ ಗಂಡ ಚಪ್ಪಲಿ ಬಿಟ್ಟು ಆ ದಾರಕ್ಕೆ ಕೈ ಮುಗಿದರು.

೩. ವಾರ್ಡಿನ ಹೊರಗೆ

ಹೊಸ ಪೈಪು ಹಾಕಲು ಗಾಡಿಯನ್ನು ಅಲ್ಲೇ ಬಿಟ್ಟು ಬಂದೆವು. ಗೃಹಪ್ರವೇಶದ ಹಿಂದಿನ ದಿನ ಹೂರಣಕ್ಕೆ ಬೇಳೆ ಬೇಯಿಸುತ್ತಾ ಫೋನ್ ಮಾಡಿದೆ, ಬೆಲ್ಲ ಹಾಕಿ ಫೋನ್ ಮಾಡಿದೆ, ರುಬ್ಬುವ ಮುಂಚೆ ಇನ್ನೊಮ್ಮೆ ಮಾಡಿದೆ. "ಪೈಪ್ ಬಂತಾ? ಸರಿಯಾದ್ದೇನಾ? ಕೂತ್ಕೊಳ್ತಾ?" ಮೊದಮೊದಲು ಅವನು ಪಾಪ ಉತ್ತರ ಕೊಟ್ಟ. ಕೊನೆಗೆ ನಾನು ಹಲೋ ಅನ್ನುವ ಮೊದಲೇ ಆ ಕಡೆಯಿಂದ ಮೆತ್ತನೆಯ ದನಿ ಬಂತು.

"ಆಂಟಿ, ಪೇಷೆಂಟ್‌ಗೆ ಪ್ರಜ್ಞೆ ಬಂದಿದೆ. ಸಂಜೆ ಮನೆಗೆ ಕಳಿಸ್ತೀವಿ. ಬರುವಾಗ ಹಣ್ಣು ಏನೂ ತರ್ಬೇಡಿ."

೪. ನಿಂಬೆಹಣ್ಣು ಮತ್ತು ಹಸು

ಗೃಹಪ್ರವೇಶದ ಬೆಳಿಗ್ಗೆ ಹೋಳಿಗೆ, ಹುಳಿ, ಪಲ್ಯ, ಕೋಸಂಬರಿ, ಬಾಳೆಎಲೆಯ ಕಟ್ಟು ಎಲ್ಲಾ ಗಾಡಿಗೆ ಹತ್ತಿಸಿ ಹೊರಟೆವು. ಮಲ್ಲತ್ತಹಳ್ಳಿ ಬರುವ ಹೊತ್ತಿಗೆ ನನ್ನ ಗಂಡ ಮೆಲ್ಲಗೆ, "ಆ ದಾರ ಬಿಚ್ಚಿಬಿಟ್ವಲ್ಲ, ಒಂದು ಪೂಜೆ ಮಾಡ್ಸೋಣ್ವಾ?" ಎಂದರು. ಹೆದರುವವಳಿಗೆ ಇಂಥ ಮಾತು ಸಾಕು. ದೇವಸ್ಥಾನದ ಮುಂದೆ ನಿಲ್ಲಿಸಿದೆ.

ಅರ್ಚಕರು ಮಂಗಳಾರತಿ ಮಾಡಿ ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟರು. "ಹತ್ಸಿ ಅಮ್ಮ."

ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಅರಚಿತು, ಗಾಡಿ ಕದಲಲಿಲ್ಲ. ಅರ್ಚಕರು ಬಗ್ಗಿ ನೋಡಿ, "ಹಣ್ಣು ಹಾಗೇ ಇದೆ" ಎಂದರು. ಇನ್ನೂ ಒತ್ತಿದೆ. ಹಣ್ಣು ಹಾಗೇ ಇತ್ತು. ಜನ ಸೇರಿದರು. ಒಬ್ಬರು ಹ್ಯಾಂಡ್‌ಬ್ರೇಕ್ ತೆಗೆದಿದ್ದೀರಾ ಎಂದು ಕೇಳಿದರು. ಇನ್ನೊಬ್ಬರು ತುಂಬಾ ಯೋಚಿಸಿ, "ಸ್ವಾಮಿ, ಸ್ವಲ್ಪ ಚಿಕ್ಕ ಹಣ್ಣು ಇಟ್ಟು ನೋಡಿ" ಎಂದರು.

ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. "ಹೊಸ ಪೈಪ್ ಒಳಗೆಲ್ಲಾ ಆಯಿಲ್ ತುಂಬ್ಕೊಳ್ಳುತ್ತೆ ಆಂಟಿ, ಗೇರ್‌ಬಾಕ್ಸಲ್ಲಿ ಕಮ್ಮಿ ಆಗುತ್ತೆ. ಒಂದು ರೌಂಡ್ ಓಡ್ಸಿ ತನ್ನಿ, ಇನ್ನೊಂದ್ಸಲ ಆಯಿಲ್ ಹಾಕ್ತೀನಿ ಅಂತ ನಿನ್ನೆ ದುಡ್ಡು ಇಸ್ಕೊಳ್ಳೋವಾಗ ಸಾರ್‌ಗೆ ಹೇಳಿದ್ನಲ್ಲ. ಆಫ್ ಮಾಡಿ, ಬರ್ತಾ ಇದೀನಿ."

ಸಾರ್ ಆಗ ದೇವಸ್ಥಾನದ ಗೋಪುರವನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದರು.

ಅಷ್ಟರಲ್ಲಿ ಬೀಗಿತ್ತಿಯ ಫೋನ್. ಮರ್ಯಾದೆ ಹೋಯಿತು ಎಂದುಕೊಂಡೇ ಎತ್ತಿದೆ. ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಗಾಡಿ ನಿಂಬೆಹಣ್ಣು ದಾಟ್ತಾ ಇಲ್ಲ" ಎಂದುಬಿಟ್ಟೆ.

ಆ ಕಡೆಯಿಂದ ಪಿಸುದನಿ ಬಂತು. "ಇಲ್ಲಿ ಹಸು ಹೊಸ್ತಿಲು ದಾಟ್ತಾ ಇಲ್ಲ. ಗೇಟಲ್ಲೇ ನಿಂತಿದೆ. ಹಸು ಹೋಗದೆ ನಾವ್ಯಾರೂ ಒಳಗೆ ಹೋಗೋ ಹಾಗಿಲ್ಲ. ನಿಮ್ಗೆ ಗೊತ್ತಾದ್ರೆ ಏನಂದ್ಕೋತೀರೋ ಅಂತ ಜೀವ ಬಾಯಿಗೆ ಬಂದಿದೆ. ನಿಧಾನಕ್ಕೇ ಬನ್ನಿ."

ಇಷ್ಟು ದಿನ ಯಾರಿಗೆ ಹೆದರಿದ್ದೆನೋ ಅವರು ನನಗೆ ಹೆದರುತ್ತಿದ್ದರು. ನನಗೆ ಅಳು ಬರುವಷ್ಟು ಸಂತೋಷವಾಯಿತು.

ಮೆಕ್ಯಾನಿಕ್ ಬಂದು, ಕೆಳಗೆ ನುಗ್ಗಿ ಆಯಿಲ್ ತುಂಬಿದ. ನಿಂಬೆಹಣ್ಣುಗಳು ಪಟಪಟನೆ ಒಡೆದವು. ಜನ ಚಪ್ಪಾಳೆ ತಟ್ಟಿದರು.

ಉಲ್ಲಾಳಕ್ಕೆ ಹೋದರೆ ಹಸು ಗೇಟಿನಲ್ಲೇ ಇತ್ತು. ಹಿಂದೆ ನೆಂಟರ ದಂಡು. ಕೊಟ್ಟ ಬಾಳೆಹಣ್ಣನ್ನೆಲ್ಲಾ ತಿಂದು ನಿಂತಲ್ಲೇ ಮೆಲುಕು ಹಾಕುತ್ತಿತ್ತು. ನಾನು ಎಲೆಯ ಕಟ್ಟು ಹೊತ್ತು ಅದರ ಪಕ್ಕದಿಂದ ನುಸುಳಿದೆ. ಹಸು ಕತ್ತೆತ್ತಿ ಮೂಸಿ ನನ್ನ ಹಿಂದೆಯೇ ಹೆಜ್ಜೆ ಹಾಕಿತು. ಹೊಸ್ತಿಲ ಹತ್ತಿರ ಪುರೋಹಿತರು, "ಅಮ್ಮ, ನೀವು ಹೋಗ್ಬೇಡಿ, ಎಲೆ ಮಾತ್ರ ಒಳಗೆ ಎಸೀರಿ" ಎಂದರು. ಎಸೆದೆ. ಹಸು ನನ್ನನ್ನು ಪಕ್ಕಕ್ಕೆ ತಳ್ಳಿ ಗೃಹಪ್ರವೇಶ ಮಾಡಿತು.

ಬೀಗಿತ್ತಿ ಎಲ್ಲರಿಗೂ ಕೇಳುವ ಹಾಗೆ, "ನಮ್ಮ ಬೀಗಿತ್ತಿ ಕಾಲ್ಗುಣ" ಎಂದರು. ಕಾಲ್ಗುಣವನ್ನು ಹಸು ಅರ್ಧದಷ್ಟು ತಿಂದ ಮೇಲೆ ಬಿಡಿಸಿಕೊಂಡೆವು.

ಹಾಗಾಗಿ ಕೊನೆಯ ಪಂಕ್ತಿಗೆ ಎಲೆ ಸಾಲಲಿಲ್ಲ. ಉಳಿದ ಒಂದು ಎಲೆಗೆ ನಾವಿಬ್ಬರು ಬೀಗಿತ್ತಿಯರೂ ಕೂತೆವು. ಅವರು ಅಭ್ಯಾಸಬಲದಿಂದ ಹೋಳಿಗೆಯನ್ನು ಬೆಳಕಿಗೆ ಎತ್ತಿದರು. ಅವರು ನನ್ನ ಕಡೆ ನೋಡಿ, ಕೈ ಇಳಿಸಿ, ಬಾಯಿಗಿಟ್ಟುಕೊಂಡರು.

"ನೋಡೋದೇನು ಬಿಡಿ," ಎಂದರು, "ನಾಲ್ಕು ನಿಂಬೆಹಣ್ಣು ದಾಟ್ಕೊಂಡು ಬಂದಿರೋ ಹೋಳಿಗೆ."