ಭೂವಿಜ್ಞಾನದಿಂದ ನಾನು ಕಾಯಂ ಆದದ್ದು

ಪಠ್ಯಕ್ರಮಕ್ಕೆ ಇಲಾಖೆ ಹೊಸದೊಂದು ವಿಷಯ ಸೇರಿಸಿದಾಗಲೆಲ್ಲ ಎಲ್ಲೋ ಒಬ್ಬ ಮೇಷ್ಟ್ರಿಗೆ ಇಂಥದ್ದು ಆಗಿಯೇ ಆಗುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಆ ಮೇಷ್ಟ್ರು ನಾನಾಗಿದ್ದೆ. ಜಯನಗರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೆ, ಇನ್ನೂ ಪ್ರೊಬೇಷನ್ನಿನಲ್ಲಿದ್ದೆ. ಪ್ರೊಬೇಷನ್ ಅಂದರೆ ಕೆಲಸ ಇರುತ್ತದೆ, ಆದರೆ ಹೆಣ್ಣು ಕೊಡುವವರ ಕಣ್ಣಿಗೆ ಅದು ಕಾಣಿಸುವುದಿಲ್ಲ. ತ್ಯಾಗರಾಜನಗರದಲ್ಲಿ ಒಂದು ಸಂಬಂಧ ಕುದುರಿತ್ತು. ಹುಡುಗಿ ನನಗೆ ಒಪ್ಪಿಗೆಯಾಗಿದ್ದಳು, ನಾನೂ ಅವಳಿಗೆ ಒಪ್ಪಿಗೆಯಾಗಿದ್ದೆ. ಅವಳ ತಂದೆ ಮಾತ್ರ ನಾನು ಎರಡನೇ ಸಲ ಹೋದಾಗ ಉಪ್ಪಿಟ್ಟು ಬಡಿಸುತ್ತಾ, "ಕಾಯಂ ಆಗ್ಲಿ, ಆಮೇಲೆ ಮುಹೂರ್ತ ನೋಡೋಣ" ಅಂದಿದ್ದರು. ಮೂರನೇ ಉಪ್ಪಿಟ್ಟಿಗೆ ಯಾರೂ ಕರೆದಿರಲಿಲ್ಲ.

ವಿಷಯ ಹಂಚಿಕೆ

ಆ ವರ್ಷ ಎಂಟನೇ ಕ್ಲಾಸಿಗೆ ಭೂವಿಜ್ಞಾನ ಬಂತು. ಪ್ರತಿ ಶಾಲೆಯಲ್ಲೂ ಮೂರು ಬಗೆಯ ಶಿಲೆಗಳಿರಬೇಕು, ಮಳೆ ಅಳೆಯಬೇಕು, ಮಕ್ಕಳನ್ನು ಒಂದು ಸಲ ಬಂಡೆ ತೋರಿಸಲು ಕರೆದುಕೊಂಡು ಹೋಗಬೇಕು, ಇನ್ಸ್‌ಪೆಕ್ಟರ ಎದುರಿಗೆ ಮೇಷ್ಟ್ರು ಸುತ್ತಿಗೆಯಿಂದ ಒಂದು ಕಲ್ಲು ಒಡೆದು ಅದರ ಒಳಮೈ ತೋರಿಸಬೇಕು ಎಂದು ಇಲಾಖೆಯ ಅಪ್ಪಣೆಯಾಯಿತು.

ಹೆಡ್‌ಮಾಸ್ಟರು ನನ್ನನ್ನು ಕರೆದು, "ನೀವೇ ಮಾಡಿ" ಅಂದರು.

"ಸಾರ್, ನಾನು ಓದಿರೋದು ಕೆಮಿಸ್ಟ್ರಿ."

"ಕೆಮಿಸ್ಟ್ರಿ ಏನು ಆಕಾಶದಲ್ಲಿ ನಡೆಯುತ್ತೇನ್ರಿ? ಭೂಮಿ ಮೇಲೇ ತಾನೇ?"

ಆಮೇಲೆ ಅವರೇ ಸಮಾಧಾನದ ದನಿಯಲ್ಲಿ ಹೇಳಿದರು. "ಇನ್ಸ್‌ಪೆಕ್ಟರು ಬಂದು ಪಾಠ ನೋಡ್ತಾರೆ. ಚೆನ್ನಾಗಿದೆ ಅಂತ ಬರೆದ್ರೆ ನೀವು ಕಾಯಂ. ಇಲ್ಲ ಅಂತ ಬರೆದ್ರೆ ಕೆಮಿಸ್ಟ್ರಿ ಓದ್ಕೊಂಡು ಮನೇಲಿರಬಹುದು."

ಕಲ್ಲು ತಂದದ್ದು

ಶಿಲೆಗಳ ಸಂಗ್ರಹ ಆಗಬೇಕಲ್ಲ. ಕ್ಲಾಸಿನಲ್ಲಿ, "ನಾಳೆ ಎಲ್ಲರೂ ಕಲ್ಲು ತನ್ನಿ, ಹೆಚ್ಚು ತಂದವರ ಹೆಸರು ಬೋರ್ಡಿನ ಮೇಲೆ ಬರೀತೀನಿ" ಅಂದೆ. ಬಗೆಬಗೆಯದು ತನ್ನಿ ಅನ್ನಬೇಕಿತ್ತು.

ಮರುದಿನ ಮಕ್ಕಳು ಬಕೆಟ್ಟಿನಲ್ಲಿ, ಬ್ಯಾಗಿನಲ್ಲಿ, ಲಂಗದ ಮಡಿಲಲ್ಲಿ ತುಂಬಿಕೊಂಡು ಬಂದರು. ಕ್ಲಾಸಿನ ಮೂಲೆಯಲ್ಲಿ ನನ್ನ ಸೊಂಟದೆತ್ತರದ ಗುಡ್ಡೆಯಾಯಿತು. ಎಲ್ಲವೂ ಒಂದೇ ಬಗೆ, ಒಂದೇ ಅಳತೆ. ಜಲ್ಲಿ.

ಮಧ್ಯಾಹ್ನ ಪಂಚೆ ಎತ್ತಿ ಕಟ್ಟಿಕೊಂಡು ಒಬ್ಬ ಯಜಮಾನರು ಬಂದರು. ಬನಶಂಕರಿ ಕಡೆಯ ಹಳ್ಳಿಯವರು, ಹೊಲವೆಲ್ಲ ಲೇಔಟಿಗೆ ಹೋದ ಮೇಲೆ ನಮ್ಮ ಶಾಲೆಯ ಹಿಂದಿನ ರಸ್ತೆಯಲ್ಲಿ ಮನೆ ಕಟ್ಟಿಸುತ್ತಿದ್ದರು. ಬಾಗಿಲಲ್ಲೇ ನಿಂತು ಗುಡ್ಡೆಯನ್ನು ಬಹಳ ಹೊತ್ತು ನೋಡಿದರು.

"ಮೇಷ್ಟ್ರೇ, ನಾಳಿದ್ದು ನಮ್ಮನೆ ತಾರಸಿ ಮೋಲ್ಡ್ ಐತೆ."

"ಸಂತೋಷ."

"ಜಲ್ಲಿ ಇಲ್ಲೈತೆ."

ಇದು ಸರ್ಕಾರದ ಹೊಸ ಪಾಠ ಎಂದು ವಿವರಿಸಿದೆ. ಅವರು ಗೌರವದಿಂದ ಕೇಳಿಸಿಕೊಂಡು, "ಪಾಠ ಆದ್ಮೇಲೆ ಕಳ್ಸಿಕೊಡಿ" ಅಂದರು.

ಮಕ್ಕಳಿಗೆ ವಾಪಸು ಹಾಕಿ ಬನ್ನಿ ಎಂದೆ. ಇದಕ್ಕೂ ಬೋರ್ಡಿನ ಮೇಲೆ ಹೆಸರು ಬರಬಹುದೆಂದುಕೊಂಡರೋ ಏನೋ, ಜಲ್ಲಿಯ ಜೊತೆಗೆ ಆಟದ ಬಯಲಿನ ಕಲ್ಲು, ಕಾಂಪೌಂಡಿನ ಸಡಿಲ ಕಲ್ಲು, ಹೆಡ್‌ಮಾಸ್ಟರ ಗುಲಾಬಿ ಗಿಡಗಳ ಸುತ್ತ ಜೋಡಿಸಿದ್ದ ಇಟ್ಟಿಗೆ ಎಲ್ಲವನ್ನೂ ಹೊತ್ತು ಹಾಕಿ ಬಂದರು. ಮೋಲ್ಡ್ ಮುಗಿದ ಮೇಲೆ ಯಜಮಾನರು ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮತ್ತೆ ಬಂದರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು.

"ಮೇಷ್ಟ್ರೇ, ಮರಳಿನ ಪಾಠ ಯಾವಾಗ?"

ಮಳೆ ಅಳೆದದ್ದು

ಇಲಾಖೆಯಿಂದ ಮಳೆ ಅಳೆಯುವ ಡಬ್ಬಿ ಬಂತು. ತಾಮ್ರದ್ದು, ಮೇಲೊಂದು ಆಲಿಕೆ, ನೋಡಲು ಬಲು ಚೆಂದ. ಹೆಡ್‌ಮಾಸ್ಟರು ಅದನ್ನು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ತಿಂಗಳು ಬೆಂಗಳೂರಿನಲ್ಲಿ ಒಂದೇ ಸಮನೆ ಮಳೆ ಸುರಿಯಿತು. ಬೀರುವಿನಲ್ಲಿ ಹನಿಯೂ ಬೀಳಲಿಲ್ಲ. ನಮ್ಮ ಶಾಲೆಯ ಮಳೆ ಸೊನ್ನೆ ಎಂದು ನಾನು ಪ್ರಾಮಾಣಿಕವಾಗಿ ತಿಳಿಸಿದೆ.

ಇಲಾಖೆಯಿಂದ ಫೋನು ಬಂತು. "ಏನ್ರಿ, ವಿಲ್ಸನ್ ಗಾರ್ಡನ್‌ನಲ್ಲಿ ಮೊಣಕಾಲುದ್ದ ನೀರು ನಿಂತಿದೆ. ಜಯನಗರಕ್ಕೇನಾಗಿದೆ?"

ಹೆಡ್‌ಮಾಸ್ಟರು ಮನಸ್ಸಿಲ್ಲದ ಮನಸ್ಸಿನಿಂದ ಬೀಗ ತೆಗೆದರು. ಡಬ್ಬಿಯನ್ನು ಬಯಲಿನಲ್ಲಿ ಕಲ್ಲುಕಟ್ಟೆಯ ಮೇಲೆ ಇರಿಸಿದ್ದಾಯಿತು. ನಮ್ಮ ಅಟೆಂಡರನ್ನು ಕರೆದು, "ನೋಡಪ್ಪ, ಸರ್ಕಾರದ ಸಾಮಾನು. ಏನಾದ್ರೂ ಹಾಳಾದ್ರೆ ನೀನೇ ಜವಾಬ್ದಾರಿ" ಅಂದರು.

ಅವತ್ತು ಮೂರನೇ ಪೀರಿಯಡ್ಡಿಗೆ ಜೋರು ಮಳೆ ಹಿಡಿಯಿತು. ನಾನು ಖುಷಿಯಿಂದ ಕಿಟಕಿಯ ಬಳಿ ಹೋದೆ. ಬಯಲಿನ ನಡುವೆ ಅಟೆಂಡರ್ ನಿಂತಿದ್ದ. ಕೈಯಲ್ಲಿ ಹೆಡ್‌ಮಾಸ್ಟರ ಕೊಡೆ ಇತ್ತು. ಕೊಡೆಯನ್ನು ಡಬ್ಬಿಗೆ ಹಿಡಿದಿದ್ದ. ಅವನು ತಲೆಯಿಂದ ಕಾಲಿನವರೆಗೆ ತೊಪ್ಪೆಯಾಗಿದ್ದ.

ಓಡಿಹೋಗಿ, "ಏನಪ್ಪಾ ಇದು, ಅದು ನೆನೀಬೇಕು ಕಣಯ್ಯ" ಅಂದೆ.

ಕೊಡೆ ಒಂದಿಷ್ಟೂ ಅಲುಗಿಸದೆ ಹೇಳಿದ. "ಅದು ನೆಂದು ಕಿಲುಬು ಹಿಡಿದ್ರೆ ನನ್ನ ಸಂಬಳದಲ್ಲಿ ಮುರ್ಕೋತಾರೆ ಸಾರ್. ನಾನು ನೆಂದ್ರೆ ಯಾರೂ ಕೇಳಲ್ಲ."

ಬಂಡೆ ನೋಡಿದ್ದು

ಬಂಡೆ ತೋರಿಸಲು ನಮಗೆ ದೂರ ಹೋಗಬೇಕಾಗಿರಲಿಲ್ಲ, ಲಾಲ್‌ಬಾಗ್ ಇತ್ತು. ಮಕ್ಕಳು ನಡೆದೇ ಬಂದರು, ಬಂಡೆ ಹತ್ತಿದರು, ಹತ್ತಿದ ಕೂಡಲೇ ಊಟದ ಡಬ್ಬಿ ಬಿಚ್ಚಿದರು. ಭೂವಿಜ್ಞಾನಕ್ಕೆ ಚಿತ್ರಾನ್ನದ ಪರಿಮಳ ಬಂತು. ನಾನು ದನಿ ಎತ್ತರಿಸಿ ಹೇಳಿದೆ. "ನೀವು ಕೂತಿರೋ ಈ ಬಂಡೆಗೆ ಸುಮಾರು ಮುನ್ನೂರು ಕೋಟಿ ವರ್ಷ ವಯಸ್ಸು."

"ಯಾರು ನೋಡಿದ್ರು ಸಾರ್?" ಎಂದು ಒಬ್ಬಳು ಕೇಳಿದಳು.

ಉತ್ತರ ಹುಡುಕುತ್ತಾ ತಿರುಗಿದೆ. ಹಿಂದೆ ಕೈಕೋಲು, ಮಫ್ಲರು, ಕ್ಯಾನ್ವಾಸ್ ಶೂ. ತ್ಯಾಗರಾಜನಗರದ ಉಪ್ಪಿಟ್ಟಿನ ಮನೆಯವರು, ಹುಡುಗಿಯ ತಂದೆ. ನಿವೃತ್ತರಾದ ಮೇಲೆ ದಿನಾ ಲಾಲ್‌ಬಾಗಿಗೆ ವಾಕಿಂಗ್ ಬರುತ್ತಿದ್ದರಂತೆ. ನನಗದು ಗೊತ್ತಿದ್ದರೆ ಬೇರೆ ಬಂಡೆ ಹುಡುಕುತ್ತಿದ್ದೆ.

"ನಮಸ್ಕಾರ. ಡ್ಯೂಟಿ ಟೈಮಲ್ಲಿ ಪಾರ್ಕಿಗೆ ಬಂದಿದ್ದೀರಲ್ಲ?"

"ಇದೇ ಡ್ಯೂಟಿ ಸಾರ್. ಸಿಲಬಸ್‌ನಲ್ಲಿದೆ."

ಅವರು ಸುತ್ತಲೂ ಚಿತ್ರಾನ್ನ ತಿನ್ನುತ್ತಿದ್ದ ಸಿಲಬಸ್ಸನ್ನು ನೋಡಿದರು. ಆಮೇಲೆ ಕೈಕೋಲಿನಿಂದ ಬಂಡೆಯನ್ನು ಎರಡು ಸಲ ಕುಟ್ಟಿದರು.

"ಏನಂದ್ರಿ, ಎಷ್ಟು ವರ್ಷದಿಂದ ಇಲ್ಲೇ ಇದೆ?"

"ಮುನ್ನೂರು ಕೋಟಿ ಸಾರ್."

"ಹಾಗಾದ್ರೆ ಇದು ಕಾಯಂ ಆಗಿದೆ ಅನ್ನಿ" ಎಂದು ತಲೆದೂಗಿ, "ನಿಮ್ಮದು ಯಾವಾಗ?" ಅಂದರು.

ಕಲ್ಲು ಒಡೆಯದೆ ಇದ್ದದ್ದು

ಕೊನೆಗೂ ಮೂರು ಶಿಲೆ ಹೊಂದಿಸಿದೆ. ಅಗ್ನಿಶಿಲೆಗೆ ಜಯನಗರದ ಪಾಯದ ಗುಂಡಿಯಲ್ಲಿ ಸಿಕ್ಕಿದ ಒಂದು ಗುಂಡುಕಲ್ಲು. ಪದರಶಿಲೆಗೆ ನೆಲಕ್ಕೆ ಹಾಕುವ ಶಹಾಬಾದ್ ಕಲ್ಲಿನ ಚೂರು. ರೂಪಾಂತರ ಶಿಲೆಗೆ ಒಡೆದ ಸ್ಲೇಟು. ಮೂರನ್ನೂ ತೊಳೆದು, ಮೇಜಿನ ಮೇಲೆ ಸಾಲಾಗಿಟ್ಟು, ಪಕ್ಕದಲ್ಲಿ ಸುತ್ತಿಗೆಯಿಟ್ಟೆ. ಅಷ್ಟರಲ್ಲಿ ದಸರಾ ರಜೆ ಬಂತು. ರಜೆಗೆ ಮುಂಚೆ ಪ್ರತಿ ವರ್ಷದಂತೆ ಶಾಲೆಯಲ್ಲಿ ಆಯುಧಪೂಜೆ. ಅಟೆಂಡರ್ ಗಂಟೆ, ಗ್ಲೋಬು, ತಕ್ಕಡಿ, ಹೆಡ್‌ಮಾಸ್ಟರ ಸೈಕಲ್ಲು ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮ ಇಟ್ಟು, ಸೇವಂತಿಗೆ ಏರಿಸಿದ. ನನ್ನ ಕಲ್ಲುಗಳನ್ನೂ ಬಿಡಲಿಲ್ಲ. ಅವು ಈ ವರ್ಷ ಹೊಸದಾಗಿ ಬಂದವು ಎಂದು ಒಂದೊಂದು ಪಟ್ಟೆ ಹೆಚ್ಚೇ ಎಳೆದಿದ್ದ.

ರಜೆ ಮುಗಿದು ಶಾಲೆ ತೆರೆದ ಬೆಳಿಗ್ಗೆ, ನಾನು ಒರೆಸುವುದಕ್ಕೂ ಮೊದಲೇ ಇನ್ಸ್‌ಪೆಕ್ಟರು ಬಂದುಬಿಟ್ಟರು.

ಬಾಗಿಲಿಗೆ ಬಂದವರು ಮೇಜಿನ ಕಡೆ ನೋಡಿದರು. ನಿಂತರು. ಚಪ್ಪಲಿ ಬಿಟ್ಟರು. ಹಿಂದೆ ಬರುತ್ತಿದ್ದ ಹೆಡ್‌ಮಾಸ್ಟರು ಇನ್ಸ್‌ಪೆಕ್ಟರ ಕಾಲು ನೋಡಿ ತಮ್ಮ ಶೂ ಬಿಚ್ಚಿದರು. ಮಕ್ಕಳು ಎದ್ದು, "ನಮಸ್ತೇ ಸಾರ್" ಎಂದು ಕೈ ಮುಗಿದರು. ಇನ್ಸ್‌ಪೆಕ್ಟರು ಮಕ್ಕಳಿಗೆ ತಲೆಯಾಡಿಸಿ, ಕಲ್ಲಿಗೆ ಕೈ ಮುಗಿದು, ಮೇಜಿಗೆ ಒಂದು ಸುತ್ತು ಬಂದರು. ಇದನ್ನೆಲ್ಲ ನೋಡುತ್ತಿದ್ದ ಅಟೆಂಡರ್ ತನ್ನ ಕರ್ತವ್ಯ ಅರಿತವನಂತೆ ಒಳಗೆ ಹೋಗಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಕೊಂಡು ಬಂದ.

ಮಂಗಳಾರತಿ ಕಣ್ಣಿಗೊತ್ತಿಕೊಂಡ ಮೇಲೆ ಇನ್ಸ್‌ಪೆಕ್ಟರಿಗೆ ತಾವು ಬಂದ ಕೆಲಸ ನೆನಪಾಯಿತು. "ಸರಿ ಮೇಷ್ಟ್ರೇ, ಕಲ್ಲು ಒಡೆದು ತೋರಿಸ್ಬೇಕಲ್ಲ."

ನಾನು ಸುತ್ತಿಗೆ ಎತ್ತಿಕೊಂಡೆ. ಅದರ ನೆತ್ತಿಯ ಮೇಲೂ ಕುಂಕುಮ ಇತ್ತು. ನನ್ನ ಕೆಲಸ, ನನ್ನ ಮದುವೆ ಎರಡೂ ಸುತ್ತಿಗೆಯ ಕೆಳಗಿದ್ದವು.

"ಬೇಡ ಬಿಡಿ" ಎಂದು ಇನ್ಸ್‌ಪೆಕ್ಟರು ನನ್ನ ಕೈ ಹಿಡಿದರು. "ಒಳಗೇನಿದೆಯೋ ಅದರ ಮೇಲೆ ನಂಗೆ ನಂಬಿಕೆ ಇದೆ."

ಪಾಠ ತೃಪ್ತಿಕರ ಎಂದು ಬರೆದು ಸಹಿ ಹಾಕಿದರು. ಹೊರಡುವಾಗ ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ನನ್ನನ್ನ ಗುಲ್ಬರ್ಗಕ್ಕೆ ಹಾಕ್ತಾರೆ ಅಂತ ಸುದ್ದಿ ಮೇಷ್ಟ್ರೇ. ತಾಯಿಗೆ ವಯಸ್ಸಾಗಿದೆ, ಹೋಗೋ ಹಾಗಿಲ್ಲ. ಒಂದು ಹರಕೆ ಹೊರೋಣ ಅಂತ. ಆ ಮಧ್ಯದ್ದು ಯಾವ ಕಲ್ಲು?"

"ಪದರಶಿಲೆ ಸಾರ್. ಶಹಾಬಾದಿನದು."

"ಶಹಾಬಾದ್ ಅಂದ್ರೆ ಗುಲ್ಬರ್ಗದ ಪಕ್ಕದ್ದೇ ಅಲ್ವಾ?" ಎಂದು ಒಂದು ಹೆಜ್ಜೆ ಹಿಂದೆ ಸರಿದರು. "ಅದು ಬೇಡ, ಅದು ಆ ಕಡೆ ಎಳೆಯುತ್ತೆ. ಈ ಗುಂಡಗಿರೋದು?"

"ಜಯನಗರದ್ದೇ ಸಾರ್. ಇಲ್ಲಿಂದ ಎಲ್ಲೂ ಹೋಗಿಲ್ಲ."

"ಇದು ಸರಿ" ಎಂದು ಅದೊಂದಕ್ಕೇ ಇನ್ನೊಮ್ಮೆ ಕೈ ಮುಗಿದು ಹೋದರು.

ನಾನು ಕಾಯಂ ಆದೆ. ಆದೇಶ ಕೈಗೆ ಬಂದ ದಿನ ಸೈಕಲ್ ತುಳಿದುಕೊಂಡು ತ್ಯಾಗರಾಜನಗರಕ್ಕೆ ಹೋದೆ. ಆದೇಶ ಓದಿದ ಮಾವನವರು ಮೊದಲ ಸಲ ಉಪ್ಪಿಟ್ಟಿನ ಜೊತೆ ಕೇಸರಿಬಾತನ್ನೂ ತರಿಸಿದರು. ಮುಹೂರ್ತವೂ ಅಲ್ಲೇ ಗೊತ್ತಾಯಿತು.

ಮರುವರ್ಷ ಇನ್ಸ್‌ಪೆಕ್ಷನ್ನಿಗೆ ಬಂದವರೂ ಅದೇ ಇನ್ಸ್‌ಪೆಕ್ಟರು. ಗುಲ್ಬರ್ಗ ತಪ್ಪಿತ್ತು. ಕೈಯಲ್ಲಿ ಫೈಲಿನ ಬದಲು ತೆಂಗಿನಕಾಯಿ ಇತ್ತು. ಹರಕೆಯ ಕಾಯಿ, ಅಲ್ಲೇ ಒಡೆಯಬೇಕು. ಒಡೆಯಲು ಒಂದು ಕಲ್ಲು ಬೇಕಲ್ಲ, ಹೆಡ್‌ಮಾಸ್ಟರು, ಇನ್ಸ್‌ಪೆಕ್ಟರು, ನಾನು ಮೂವರೂ ಭೂವಿಜ್ಞಾನದ ಕೋಣೆಯಲ್ಲೆಲ್ಲ ಹುಡುಕಿದೆವು. ಅಷ್ಟು ಹೊತ್ತಿಗೆ ನಮ್ಮ ಸಂಗ್ರಹ ಚೆನ್ನಾಗಿ ಬೆಳೆದಿತ್ತು. ಆದರೆ ಕಾಯಿ ಒಡೆಯಲು ಒದಗುವಂಥ ಕಲ್ಲು ಅಲ್ಲಿ ಒಂದೂ ಸಿಗಲಿಲ್ಲ. ಎಲ್ಲವೂ ದೇವರಾಗಿದ್ದವು.