ಲಿಂಕಿನ ಅಡ್ಡಹೆಸರು ಯಾವುದ್ರಿ?

ಮೋಸದ ಲಿಂಕ್ ಒತ್ತಬೇಡಿ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಊರೂರು ತಿರುಗಿ ಹೇಳುವುದು ಬ್ಯಾಂಕಿನಲ್ಲಿ ನನ್ನ ಕೆಲಸ. ನನ್ನ ಸಭೆಗೆ ಬಂದವರು ಒಬ್ಬರೂ ಮೋಸ ಹೋಗಬಾರದು ಎಂದು ಹಟ ತೊಟ್ಟಿದ್ದೇನೆ. ಆದರೆ ಹೋದಲ್ಲೆಲ್ಲ ಏನಾದರೊಂದು ಆಗಿ ನಗೆಪಾಟಲಾಗುವುದು ತಪ್ಪಿಲ್ಲ.

ತಿದ್ದುಪಡಿ

ಗೋಕಾಕದ ನಿವೃತ್ತ ಕನ್ನಡ ಮಾಸ್ತರರೊಬ್ಬರಿಗೆ, 'ಇಂದೇ ನಿಮ್ಮ ಕರೆಂಟ್ ಕಟ್ ಆಗುತ್ತದೆ, ಈ ಲಿಂಕ್ ಒತ್ತಿರಿ' ಎಂಬ ಸಂದೇಶ ಬಂತು. ಅವರು ಒತ್ತಲಿಲ್ಲ. ನನಗೆ ಹಿಗ್ಗೋ ಹಿಗ್ಗು.

"ನೀವು ಹೇಳಿದಂಗ ಕಾಗುಣಿತ ನೋಡಿ ಗುರ್ತು ಹಿಡದೆ. ಐದು ತಪ್ಪು ಇದ್ವು. ಎಲ್ಲಾ ತಿದ್ದಿ ಹೊಳ್ಳಿ ಕಳಿಸೇನಿ."

"ಯಾರಿಗ್ರಿ ಸರ್?"

"ಆ ಕಳ್ಳಗ ರೀ."

ಮರುದಿನ ಅದೇ ಸಂದೇಶ ನನ್ನ ಫೋನಿಗೇ ಬಂತು. ಒಂದೂ ತಪ್ಪಿಲ್ಲ! ಮಾಸ್ತರರಿಗೆ ತೋರಿಸಿದೆ. ಕನ್ನಡಕ ಏರಿಸಿ ಓದಿ, "ನನ್ನ ಸರ್ವಿಸಿನ್ಯಾಗ ಇಷ್ಟು ಲಗೂ ತಿದ್ಕೊಂಡ ಹುಡುಗ ಇವನೊಬ್ಬನ ನೋಡ್ರಿ" ಎಂದರು.

ಮನೆತನ

ಮೂಡಲಗಿಯ ಮಹಿಳಾ ಸಂಘದಲ್ಲಿ ವೆಬ್‌ಸೈಟಿನ ವಿಳಾಸ ಓದುವುದನ್ನು ಕಲಿಸುತ್ತಿದ್ದೆ. "ಮುಂದ ಸರ್ಕಾರದ ಹೆಸರು ಇರ್ಲಿ, ಬ್ಯಾಂಕಿನ ಹೆಸರು ಇರ್ಲಿ, ನಂಬಬ್ಯಾಡ್ರಿ. ಕಡೀಕ ಯಾವ ಹೆಸರು ಐತಿ ನೋಡ್ರಿ. ಸೈಟು ಅವರದು."

ಬಟ್ಟೆ ಹೊಲಿಯುವ ಹೆಣ್ಣುಮಗಳೊಬ್ಬಳಿಗೆ ಥಟ್ಟನೆ ಹೊಳೆಯಿತು. "ಅಡ್ಡಹೆಸರು, ಮನೆತನದ ಹೆಸರು ನೋಡಬೇಕು ಅನ್ರಿ! ಬೀಗತನ ಮಾಡೂ ಮುಂದ ನಾವು ಮೊದಲ ಕೇಳೂದ ಅದನ್ನ."

ವಾರದೊಳಗೆ ಅವಳಿಗೊಂದು ಫೋನ್. ಸರ್ಕಾರದಿಂದ ಪುಕ್ಕಟೆ ಹೊಲಿಗೆ ಮಷೀನು, ಕಳಿಸಿದ ಲಿಂಕ್ ಒತ್ತಿದರೆ ಸಾಕಂತೆ. ಇವಳು ಲಿಂಕನ್ನು ಕಡೆಯ ತನಕ ಓದಿ ಕೇಳಿದಳು: "ಹೆಸರು ಸರ್ಕಾರದ್ದು, ಅಡ್ಡಹೆಸರು ಬ್ಯಾರೆ. ಯಾಕೋ ತಮ್ಮಾ, ದತ್ತಕ ಹೋಗೀಯೇನು?"

ಹನ್ನೆರಡು ಅಂಕಿ

ಇದು ನನ್ನದೇ ಕಥೆ. ಹುಕ್ಕೇರಿಗೆ ಹೋಗುವ ಬಸ್ಸಿನಲ್ಲಿ ಕೂತಿದ್ದಾಗ, 'ನಿಮ್ಮ ಪಾರ್ಸೆಲ್ ವಿಳಾಸ ಸರಿಯಿಲ್ಲ, ಲಿಂಕಿನಲ್ಲಿ ಆಧಾರ್ ನಂಬರ್ ತುಂಬಿರಿ' ಎಂದು ಸಂದೇಶ ಬಂತು. ಸೀರೆ ತರಿಸಿದ್ದೆ, ಅದರದೇ ಇರಬೇಕೆಂದು ತುಂಬತೊಡಗಿದೆ. ಎಂಟು ಅಂಕಿ ಆಗಿತ್ತು. ಪುಕ್ಕಟೆ ಟಿಕೆಟ್ ಕೊಡಲು ಕಂಡಕ್ಟರ್ ಬಂದು, "ಅಕ್ಕಾರ, ಆಧಾರ್ ತೋರಿಸ್ರಿ" ಎಂದ.

"ಯಾಕ್ರಿ ಬೇಕು ನಿಮಗ ನನ್ನ ಆಧಾರ್?" ಎಂದು ಗದರಿಸಿದೆ. ಗದರಿಸಿದ ಮೇಲೆ ನನ್ನ ಬೆರಳು ಎಲ್ಲಿದೆ ಎಂದು ನೋಡಿಕೊಂಡೆ. ಎಲ್ಲ ಅಳಿಸಿ ಕಾರ್ಡು ತೆಗೆದು ಕೊಟ್ಟು, "ಉಪಕಾರ ಆತ್ರಿ" ಅಂದೆ. ಆಧಾರ್ ಕೇಳಿದ್ದಕ್ಕೆ ಉಪಕಾರ ನೆನೆದವಳು ನಾನೊಬ್ಬಳೇ ಇರಬೇಕು. ಇಳಿಯುವ ತನಕ ಆತ ನನ್ನ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ನಕಲಿ ಮ್ಯಾನೇಜರ್

ನನ್ನ ಸಭೆಗೆ ಬಂದಿದ್ದ ಮಮದಾಪುರದ ವಯಸ್ಸಾದ ಆಯಿಯೊಬ್ಬಳ ಖಾತೆಗೆ ಹೊಸದಾಗಿ ಹೆಬ್ಬೆಟ್ಟು ಬೇಕಿತ್ತು. ಇಲ್ಲದಿದ್ದರೆ ಖಾತೆ ಬಂದ್. ನಮ್ಮ ಮ್ಯಾನೇಜರ್ ಎರಡು ಸಲ ಫೋನ್ ಮಾಡಿದರು. ಆಯಿ ಎರಡೂ ಸಲ ಬೈದು ಇಟ್ಟಳು. ಕೊನೆಗೆ ಪಾಪ, ಸಾಹೇಬರು ಹೆಬ್ಬೆಟ್ಟಿನ ಮಷೀನು ಹಿಡಿದು ತಾವೇ ಹೋದರು.

ತಾಸಿನ ಮೇಲೆ ನನಗೆ ಆಯಿಯ ಫೋನ್. "ಬಾಯಾರ, ಕಳ್ಳ ಸಿಕ್ಕಾನ! ಕಟ್ಟಿ ಮ್ಯಾಲೆ ಕುಂದರಿಸೇವಿ. ಚಹಾ ಕೊಟ್ಟೇವಿ, ಚಪ್ಪಲಿ ಇಸ್ಕೊಂಡೇವಿ."

"ಆಯಿ, ಅವರು ಖರೇನ ಮ್ಯಾನೇಜರ್! ಕಾರ್ಡು ನೋಡಬೇ."

"ನೋಡೇನಿ. ಫೋಟೋದಾಗ ತಲಿ ತುಂಬ ಕೂದಲ ಅದಾವು. ಇವಗ ಒಂದೂ ಇಲ್ಲ."

"ನಾನು ಹೇಳಾಕತ್ತೇನಲ್ಲ?"

"ಫೋನಿನ್ಯಾಗ ಯಾರು ಹೇಳಿದ್ರೂ ನಂಬಬ್ಯಾಡ್ರಿ ಅಂದಾಕಿ ನೀನ. ನೀ ನೀನ ಅಂತ ನಾ ಹೆಂಗ ನಂಬ್ಲಿ?"

ಬಿಡಲಿಲ್ಲ ನಾನು. ಸಿಕ್ಕ ಆಟೋ ಹತ್ತಿ ಮಮದಾಪುರಕ್ಕೆ ಓಡಿದೆ. ಆಯಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಒಪ್ಪಿ, ಹೆಬ್ಬೆಟ್ಟು ಒತ್ತಿ, ಸಾಹೇಬರ ಚಪ್ಪಲಿ ವಾಪಸ್ ಕೊಟ್ಟಳು.

ದಾರಿಯುದ್ದಕ್ಕೂ ಸಾಹೇಬರು ತಮ್ಮ ಕಾರ್ಡನ್ನೇ ತಿರುವಿ ತಿರುವಿ ನೋಡಿದರು. ನನ್ನ ಕೆಲಸ ಹೋಯಿತೆಂದುಕೊಂಡೆ. ಕೊನೆಗೆ ಬೋಳುತಲೆ ಸವರಿಕೊಂಡು ಕೇಳಿದರು:

"ಮೇಡಂ, ಕಾರ್ಡಿನ ಫೋಟೋ ಬದಲಿ ಮಾಡಾಕ ಅರ್ಜಿ ಯಾರಿಗೆ ಕೊಡಬೇಕ್ರಿ?"

"ಮ್ಯಾನೇಜರಿಗೆ ರೀ ಸರ್. ಆದ್ರ ಗುರ್ತಿನ ಚೀಟಿ ಕೇಳ್ತಾರು."